ಡ್ರೈವರ್ ಭೀಮಪ್ಪನ ಮೊಟ್ಟೆ ಪೆಟ್ಟಿಗೆ

ನಾಗಪುರದಿಂದ ರಾಜಧಾನಿ ಎದ್ದುಹೋದ ಚಳಿಗಾಲ ಅದು. ಸಿವಿಲ್ ಲೈನ್ಸಿನ ಬಂಗಲೆಗಳ ಮುಂದೆ ದಿನಾ ಲಾರಿಗಳು ನಿಲ್ಲುತ್ತಿದ್ದವು. ಸಾಹೇಬರು ಸೋಫಾ ಒಯ್ದರು, ನಾಯಿ ಒಯ್ದರು, ಬೇಡವಾದದ್ದನ್ನು ಗೇಟಿನ ಹೊರಗಿಟ್ಟು ಬಂದಷ್ಟಕ್ಕೆ ಮಾರಿದರು. ಹಾಗೆ ಮಾರಿದ ಸಾಮಾನಿನಲ್ಲಿ ಒಂದು ಇನ್‌ಕ್ಯುಬೇಟರ್ ರೈಲ್ವೆ ಡ್ರೈವರ್ ಭೀಮಪ್ಪನ ಕ್ವಾರ್ಟರ್ಸಿಗೆ ಬಂತು. ನಾಲ್ಕು ಕಾಲಿನ ಮರದ ಪೆಟ್ಟಿಗೆ, ಪಕ್ಕಕ್ಕೊಂದು ಸೀಮೆಎಣ್ಣೆ ದೀಪ, ಒಳಗೆ ನೀರಿನ ತಟ್ಟೆ, ಒಂದು ಥರ್ಮಾಮೀಟರ್. ಕೋಳಿಯ ಬದಲು ಈ ಪೆಟ್ಟಿಗೆ ಕಾವು ಕೊಡುತ್ತದೆ, ಅಷ್ಟೇ.

ಹೆಂಡತಿ ಚಂದ್ರಮ್ಮನಿಗೆ ಇದು ಹಿಡಿಸಲಿಲ್ಲ. ಗಂಡನನ್ನು ಬಲ್ಲವಳು ಅವಳು. ಗದಗಿನಿಂದ ಬಂದು ಇಪ್ಪತ್ತೆರಡು ವರ್ಷ ಸಣ್ಣ ಗೇಜಿನ ಇಂಜಿನ್ ಓಡಿಸಿದ ಮನುಷ್ಯ. ಡ್ಯೂಟಿ ಮುಗಿಸಿ ಬಂದರೆ ಉಂಡು ಮಲಗುವುದೊಂದೇ ಗೊತ್ತು. ಹಬ್ಬದ ದಿನವೂ ಮನೆಯ ದೀಪಕ್ಕೆ ಎಣ್ಣೆ ಹಾಕಿದವನಲ್ಲ. ಅಂಥವನು ಐವತ್ತೆರಡನೆಯ ವಯಸ್ಸಿನಲ್ಲಿ ಬತ್ತಿ ಕತ್ತರಿಸುತ್ತ ಕೂತರೆ ಯಾವ ಹೆಂಡತಿಗೆ ನೆಮ್ಮದಿಯಿದ್ದೀತು?

"ಏನ್ರೀ ಇದು ಹೊಸಾ ಹುಚ್ಚು?" ಎಂದು ಕೇಳಿದಳು.

"ಬೆಂಗಳೂರಿಂದ ಬಿಳೀ ಕೋಳಿ ತತ್ತಿ ತರಿಸಾಕತ್ತೀನಿ. ವರ್ಷಕ್ಕ ಇನ್ನೂರು ತತ್ತಿ ಇಡೂ ಜಾತಿ. ಮುಂದ ಬೇಕಾಗತೈತಿ."

"ಮುಂದ ಅಂದ್ರ? ರಿಟೈರ್ ಆಗಾಕ ಇನ್ನೂ ಮೂರು ವರ್ಷ ಐತಲ್ಲ?"

ಭೀಮಪ್ಪ ತಂಬಾಕು ತಿಕ್ಕುತ್ತ ಅಂಗಳಕ್ಕೆ ಎದ್ದುಹೋದ. 'ಮುಂದ' ಎಂಬ ಆ ಮಾತು ಚಂದ್ರಮ್ಮನ ಎದೆಯಲ್ಲಿ ಮುಳ್ಳು ಮುರಿದಂತೆ ಉಳಿಯಿತು.

ಮೊಟ್ಟೆಗಳು ಮದ್ರಾಸಿನ ಮೇಲೆ ಸುತ್ತಿಕೊಂಡು ನಾಲ್ಕು ದಿನಕ್ಕೆ ಬಂದವು. ಬುಟ್ಟಿಯ ತುಂಬ ಭತ್ತದ ಹೊಟ್ಟು, ಅದರೊಳಗೆ ಹುದುಗಿಸಿಟ್ಟ ಮೊಟ್ಟೆ. ಆರು ಒಡೆದು ನಾರುತ್ತಿದ್ದವು, ಮೂವತ್ತಾರು ಉಳಿದಿದ್ದವು. ಚೂಪು ತುದಿ ಕೆಳಗೆ ಮಾಡಿ ಒಂದು ಹಗಲು ಒಂದು ರಾತ್ರಿ ಅವನ್ನು ಮುಟ್ಟದೆ ಇಟ್ಟ. "ರೈಲಿನ ಕುಲುಕಾಟ ಒಳಗ ಇನ್ನೂ ನಿಂತಿರೂದಿಲ್ಲ. ದಣಿವಾರಿಸ್ಕೊಳ್ಳಲಿ," ಎಂದ. ಹೆಂಡತಿಯ ದಣಿವಿನ ಬಗ್ಗೆ ಇಷ್ಟು ಕಾಳಜಿಯಿಂದ ಅವನು ಎಂದೂ ಮಾತಾಡಿರಲಿಲ್ಲ. ಆಮೇಲೆ ಪೆಟ್ಟಿಗೆಯಲ್ಲಿಟ್ಟು ದಿನಕ್ಕೆ ಮೂರು ಸಲ ಮಗುಚಿದ. ಥರ್ಮಾಮೀಟರಿನ ಕೆಂಪು ಗೆರೆ ನೋಡುವ ಕೆಲಸ ಮಾತ್ರ ಚಂದ್ರಮ್ಮನಿಗೆ ಹಚ್ಚಿದ. ನಾಲ್ಕನೇ ಇಯತ್ತೆ ಓದಿದ ಹೆಂಡತಿಗೆ ಅಷ್ಟು ಬರುತ್ತಿತ್ತು. ಗಂಡನಿಗೆ ಯಾಕೆ ಬಾರದು ಎಂದು ಅವಳು ಕೇಳಲಿಲ್ಲ.

ಏಳನೆಯ ದಿನ ಬೆಳಿಗ್ಗೆ ಭೀಮಪ್ಪ ಪೇಟೆಗೆ ಹೋದಾಗ ಅವನ ಇಂಜಿನ್ನಿನ ಫಾಯರ್‌ಮನ್ ಶಾಮ ಬಂದ. ಎಂಟು ವರ್ಷ ಜೊತೆಗೆ ಕಲ್ಲಿದ್ದಲು ಹಾಕಿದವನು. ಅವನಿಗೆ ಗೋಂದಿಯಾಕ್ಕೆ ಬದಲಿಯಾಗಿತ್ತು, ಕಾಲಿಗೆ ಬಿದ್ದು ಹೇಳಿಹೋಗಲು ಬಂದಿದ್ದ. ಚಹಾ ಕುಡಿದು ಬಾಗಿಲವರೆಗೆ ಹೋದವನು ತಿರುಗಿ ನಿಂತ.

"ಕಾಕೂ, ಇವತ್ತಿನಿಂದ ಹೊಸ ಫಾಯರ್‌ಮನ್ ಬರ್ತಾನೆ. ಸಿಗ್ನಲ್ ಜೋರಾಗಿ ಕೂಗೋಕೆ ಹೇಳ್ರಿ ಅವನಿಗೆ. ಲಾಲ್, ಹಿರವಾ, ಕೆಂಪು ಹಸಿರು ಎಲ್ಲಾ ಬರೋಬರ್ ಕೂಗಬೇಕು."

"ಅದನ್ನ ನಿಮ್ಮ ಕಾಕಾನ ಹೇಳತಾರ ಬಿಡಪಾ."

"ಕಾಕಾ ಹೇಳೋದಿಲ್ಲ," ಎಂದು ಶಾಮ ಮುಖ ತಪ್ಪಿಸಿಕೊಂಡು ಹೋದ. ಊರು ಬಿಟ್ಟುಹೋಗುವವರ ಉಪಚಾರದ ಮಾತೆಂದು ಚಂದ್ರಮ್ಮ ಒಳಗೆ ಬಂದಳು.

ಮಧ್ಯಾಹ್ನ ಸಾಮಾನು ಕೋಣೆಯ ಕಿಟಕಿಗೆ ಕಂಬಳಿ ಕಟ್ಟಿ ಭೀಮಪ್ಪ ಮೊಟ್ಟೆಗಳನ್ನು ಪರೀಕ್ಷೆ ಮಾಡಿದ. ಬ್ಯಾಟರಿಯ ಬೆಳಕಿಗೆ ಮೊಟ್ಟೆ ಹಿಡಿದರೆ, ಒಳಗೆ ಜೀವ ಕಟ್ಟಿದ್ದರೆ ಕೆಂಪು ಎಳೆಗಳು ಕಾಣಬೇಕು, ಇಲ್ಲದಿದ್ದರೆ ಬರಿದು. ಒಂದು ತಾಸಿನ ಮೇಲೆ ಹೊರಬಂದವನ ಮುಖ ಬತ್ತಿಹೋಗಿತ್ತು.

"ಎಲ್ಲಾ ಖಾಲಿ. ರೈಲಿನ್ಯಾಗ ಸತ್ತಾವು. ಚೆಲ್ಲಿಬಿಡು."

ಅವನ ದುಃಖ ಕಂಡು ಚಂದ್ರಮ್ಮನಿಗೆ ಪಾಪ ಅನ್ನಿಸಿತು. ಚೆಲ್ಲುವ ಮುಂಚೆ, ಅಡಿಗೆಗೆ ಬಂದೀತೇನೋ ಎಂದು ಒಂದನ್ನು ಬಟ್ಟಲಿಗೆ ಒಡೆದಳು. ಹಳದಿಯ ಮೇಲೆ ಕೆಂಪು ನರಗಳ ಜಾಲ ಹರಡಿತ್ತು. ನಡುವೆ ಸಾಸಿವೆಯಷ್ಟು ನೆತ್ತರು ಟಕಟಕ ಬಡಿಯುತ್ತಿತ್ತು. ನೋಡುತ್ತಿದ್ದಂತೆಯೇ ನಿಂತುಹೋಯಿತು.

ಅವಳು ಕೋಣೆಗೆ ಓಡಿ ತಾನೇ ಬ್ಯಾಟರಿ ಹಚ್ಚಿದಳು. ಎರಡನೆಯದರಲ್ಲಿ ಜೀವ. ಮೂರನೆಯದರಲ್ಲಿ ಜೀವ. ಬೆಚ್ಚಗಿರುವಾಗಲೇ ಎಲ್ಲವನ್ನೂ ಪೆಟ್ಟಿಗೆಗೆ ಸೇರಿಸಿದಳು, ಒಂದನ್ನು ಮಾತ್ರ ಕೈಯಲ್ಲಿ ಹಿಡಿದು ಗಂಡನನ್ನು ಕರೆದಳು. ಅವನು ಸಂಜೆಯ ಪ್ಯಾಸೆಂಜರಿಗೆಂದು ಕೋಟಿನ ಗುಂಡಿ ಹಾಕಿಕೊಳ್ಳುತ್ತ ಬಂದ.

"ಇದನ್ನ ನೋಡ್ರಿ."

ಬೆಳಕಿನಲ್ಲಿ ಮೊಟ್ಟೆ ಕೆಂಪಗೆ ಉರಿಯುತ್ತಿತ್ತು. ಭೀಮಪ್ಪ ಬಗ್ಗಿ ನೋಡಿದ, ಕಣ್ಣು ಕಿರಿದು ಮಾಡಿದ. "ಖಾಲಿ ಅಂತ ಹೇಳೀನಲ್ಲ."

ಶಾಮ ಮುಖ ತಪ್ಪಿಸಿದ್ದು ಯಾಕೆಂದು ಚಂದ್ರಮ್ಮನಿಗೆ ಈಗ ತಿಳಿಯಿತು. ಆದರೂ ಮನಸ್ಸು ಒಪ್ಪಲೊಲ್ಲದು. ಮುತ್ತೈದೆಯಾದವಳು ಎಂದೂ ಮಾಡಬಾರದ ಕೆಲಸವನ್ನು ಅವಳು ಆ ಗಳಿಗೆಯಲ್ಲಿ ಮಾಡಿದಳು. ಗೋಡೆಗೆ ತಿರುಗಿ, ಸೆರಗಿನಿಂದ ಹಣೆಯ ಕುಂಕುಮವನ್ನು ಒಂದು ಚೂರೂ ಉಳಿಯದಂತೆ ಒರೆಸಿ, ಬಿಸಿಲು ಬೀಳುವ ಬಾಗಿಲಲ್ಲಿ ಗಂಡನಿಗೆ ಎದುರಾಗಿ ನಿಂತಳು.

"ನನ್ನ ಕುಂಕುಮ ನೆಟ್ಟಗೈತೇನ್ರಿ?"

"ಐತಿ," ಎಂದ ಭೀಮಪ್ಪ. "ದೊಡ್ಡದಾಗಿ ಹಚ್ಚೀದಿ. ಚಲೋ ಕಾಣತೈತಿ."

ಅವಳಿಗೆ ಅಳು ಬರಲಿಲ್ಲ. ಅಳುವುದಕ್ಕಿಂತ ಕೆಟ್ಟದೇನೋ ಬಂತು. "ಒರಿಸ್ಕೊಂಡೀನ್ರಿ," ಎಂದಳು. "ಎಷ್ಟು ದಿನದಿಂದ ಹಿಂಗ?"

ಭೀಮಪ್ಪ ಬಾಗಿಲ ಚೌಕಟ್ಟು ಹಿಡಿದುಕೊಂಡ. "ಹೋದ ದೀಪಾವಳಿಯಿಂದ. ಕೆಂಪು ಒಂದ ಹೋಗೇತಿ. ಶಾಮ ಹೇಳತಿದ್ದ, ನಾ ನಡಸತಿದ್ದೆ. ಏಪ್ರಿಲ್‌ದಾಗ ಕಣ್ಣು ತಪಾಸಣಿ ಐತಿ. ಅಲ್ಲೀತನಕಾ ಕೋಳಿ ಬೆಳೆದು ನಿಂತಿರ್ತಿದ್ದವು."

"ಇವತ್ತು ಶಾಮ ಇಲ್ಲ."

"ಹೊಸಬ ಇರ್ತಾನ."

"ಅವಗ ಹೇಳೀರೇನು?"

ಊಟದ ಡಬ್ಬಿ ತಗೊಂಡು ಭೀಮಪ್ಪ ಹೊರಟೇಬಿಟ್ಟ. ಇಪ್ಪತ್ತೆರಡು ವರ್ಷದ ಅಭ್ಯಾಸ ಅವನನ್ನು ಎಳೆದುಕೊಂಡು ಹೋಯಿತು. ಚಂದ್ರಮ್ಮ ತುಸು ಹೊತ್ತು ನಿಂತಲ್ಲೇ ನಿಂತಿದ್ದಳು. ಬಾಯಿ ಬಿಟ್ಟರೆ ಗಂಡನ ನೌಕರಿ ಹೋಗುತ್ತದೆ, ಈ ಮನೆ ಹೋಗುತ್ತದೆ, ಅವನ ಮರ್ಯಾದೆ ಹೋಗುತ್ತದೆ. ಮುಚ್ಚಿಕೊಂಡು ಕೂತರೆ ಏನಾಗುತ್ತದೋ ನೆನೆಯಲು ಧೈರ್ಯ ಬರಲಿಲ್ಲ. ಅಂದಿನದು ಸಂತೆ ಮುಗಿಸಿಕೊಂಡು ಸಾವನೇರ್ ಊರಿಗೆ ಹೋಗುವವರ ಗಾಡಿ. ಕೂಸು ಕಟ್ಟಿಕೊಂಡ ಹೆಂಗಸರೇ ಡಬ್ಬಿ ತುಂಬ ಇರುತ್ತಾರೆ.

ಅವಳು ಓಡಿದಳು. ಪಕ್ಕದ ಮನೆಯ ಅನಸೂಯ ಬರಿದಾದ ಹಣೆ ಕಂಡು ಚೀರಿದಳು: "ಅಯ್ಯಯ್ಯ, ಚಂದ್ರಮ್ಮ, ಏನಾತು?" ಇನ್ನೂ ಏನೂ ಆಗಿಲ್ಲ ಎಂದು ಹೇಳಲೂ ಅವಳು ನಿಲ್ಲಲಿಲ್ಲ.

ಇತವಾರಿ ಸ್ಟೇಷನ್ನಿನ ಪ್ಲಾಟ್‌ಫಾರ್ಮಿನಲ್ಲಿ ಗಾಡಿ ತುಂಬಿತ್ತು, ಇಂಜಿನ್ ಹೊಗೆಯಾಡುತ್ತಿತ್ತು. ಸ್ಟೇಷನ್ ಮಾಸ್ತರರ ಮುಂದೆ ಹೋಗಿ ನಿಂತು, ಉಸಿರು ಹಿಡಿದು, ತನಗೆ ಬರುವಷ್ಟು ಹಿಂದಿಯಲ್ಲಿ ಹೇಳಿದಳು: "ಸಾಬ್, ಮೇರೆ ಆದ್ಮೀಕೋ ಲಾಲ್ ಬತ್ತಿ ದಿಖತೀ ನಹೀ."

ಡ್ರೈವರನಿಗೆ ಕೆಂಪು ದೀಪ ಕಾಣುವುದಿಲ್ಲವೆಂದು ಕೇಳಿ ಮಾಸ್ತರರು ಇಂಜಿನ್ನಿನತ್ತ ನೋಡಿದರು. ಭೀಮಪ್ಪ ಎಲ್ಲ ಕೇಳಿಸಿಕೊಂಡಿದ್ದ. ಹುಚ್ಚಿ ಏನೋ ಹೇಳುತ್ತಾಳೆ ಎಂದು ನಕ್ಕಿದ್ದರೆ ಸಾಕಿತ್ತು. ಹೆಂಗಸಿನ ಮಾತಿಗಿಂತ ಡ್ರೈವರನ ಮಾತು ದೊಡ್ಡದು. ಅವನು ಹಿಂದಿನ ಡಬ್ಬಿಗಳನ್ನು ಬಹಳ ಹೊತ್ತು ನೋಡಿದ. ಆಮೇಲೆ ಮೆಟ್ಟಿಲ ಕಂಬಿ ಹಿಡಿದು, ಒಂದೊಂದೇ ಕಾಲಿಟ್ಟು ಕೆಳಗಿಳಿದ.

ಕಾಗದಗಳ ಮೇಲೆ ರುಜು ಮಾಡಿಸಿಕೊಂಡು ಅವರನ್ನು ಬಿಟ್ಟಾಗ ಹೊತ್ತು ಮುಳುಗಿತ್ತು. ದಾರಿಯುದ್ದಕ್ಕೂ ಭೀಮಪ್ಪ ಹೆಂಡತಿಯ ಮುಖ ನೋಡಲಿಲ್ಲ. ಒಮ್ಮೆ ಮಾತ್ರ "ನೀ ನನ್ನ ಇಳಿಸಿಬಿಟ್ಟಿ," ಎಂದ.

"ಹೂಂ, ಇಳಿಸೀನಿ," ಎಂದಳು.

ಯಾರ್ಡಿನ ಹಳಿ ದಾಟುವ ಜಾಗ ಬಂತು. ದೂರದಲ್ಲಿ ಸಿಗ್ನಲ್ ದೀಪ ಹೊತ್ತಿತ್ತು. ಭೀಮಪ್ಪ ಮೊದಲ ಹಳಿಯ ಹತ್ತಿರ ನಿಂತ. ದೀಪದತ್ತ ನೋಡಿದ, ಮತ್ತೆ ನೋಡಿದ. ಸಾವಿರ ಸಲ ದಾಟಿದ ಜಾಗದಲ್ಲಿ ಅವನ ಕಾಲು ಏಳಲಿಲ್ಲ. ಕತ್ತಲಲ್ಲಿ ಅವನ ಕೈ ಹುಡುಕುತ್ತ ಬಂದು ಅವಳ ತೋಳು ಹಿಡಿಯಿತು.

"ಹೋಗಬಹುದೇನ?" ಎಂದು ಕೇಳಿದ.

ಚಂದ್ರಮ್ಮ ಆಚೆ ನೋಡಿದಳು, ಈಚೆ ನೋಡಿದಳು.

"ಬರ್ರಿ," ಎಂದಳು.