ಬೆದರಿಕೆಯ ಮಾತು ಯಾರದು

ಕಾರ್ಮಿಕರ ದೂರು ಕಚೇರಿಯ ಟೈಪಿಸ್ಟ್ ಹೆಂಗಸನ್ನು ಎದುರಿಗೆ ಎಲ್ಲರೂ ಅಕ್ಕ ಎನ್ನುತ್ತಿದ್ದರು, ಬೆನ್ನ ಹಿಂದೆ ಮೆಣಸಿನಕಾಯಿ. ಇಪ್ಪತ್ತಾರು ವರ್ಷ ಅದೇ ಕಿಟಕಿ, ಅದೇ ಕುಂಟು ಕುರ್ಚಿ. ಸಾಹೇಬರು ನಾಲ್ಕು ಜನ ಬದಲಾದರು, ಕುರ್ಚಿ ಬದಲಾಗಲಿಲ್ಲ.

ಹನ್ನೊಂದು ವರ್ಷದ ಹಿಂದೆ ಕಂಪ್ಯೂಟರ್ ಬಂದಾಗಿನಿಂದ ಅಲ್ಲೊಂದು ಕೆಟ್ಟ ರೂಢಿಯಿತ್ತು. ದೂರನ್ನು ಪ್ರೋಗ್ರಾಮಿನೊಳಗೆ ಎರಡು ಉದ್ಧರಣ ಚಿಹ್ನೆಗಳ ನಡುವೆ ಟೈಪ್ ಮಾಡಬೇಕು. ಮೊದಲನೆಯದು ಕಂಡರೆ ಬರಹ ಶುರು, ಎರಡನೆಯದು ಕಂಡರೆ ಮುಗಿಯಿತು. ಯಂತ್ರಕ್ಕೆ ಗೊತ್ತಿರುವುದು ಅಷ್ಟೇ. ನಡುವೆ ಯಾರದೋ ಮಾತಿಗೆ ಅದೇ ಚಿಹ್ನೆ ಹಾಕಿದರೆ ಬರಹ ಅಲ್ಲಿಗೇ ಮುಗಿಯಿತೆಂದು ತಿಳಿದು, ಮುಂದಿನದು ಅರ್ಥವಾಗದೆ ಮುಷ್ಕರ ಹೂಡುತ್ತಿತ್ತು. ದೂರಿಗೆ ಒಂದು ಪದ ಸೇರಿಸುವಂತಿಲ್ಲ, ಬಿಡುವಂತಿಲ್ಲ ಎಂಬ ನಿಯಮ ಗೋಡೆಯ ಮೇಲಿತ್ತು. ಚಿಹ್ನೆ ಪದವಲ್ಲವಲ್ಲ! ಎಲ್ಲರೂ ಅದನ್ನು ಕಿತ್ತೊಗೆದರು. ಅಕ್ಕನೂ ಒಗೆದಳು. ಯಂತ್ರಕ್ಕೆ ಬುದ್ಧಿಯಿಲ್ಲ, ಸರಿ. ಬುದ್ಧಿಯಿದ್ದವರು ಹನ್ನೊಂದು ವರ್ಷ ಅದಕ್ಕೆ ತಲೆಬಾಗಿದ್ದಕ್ಕೆ ಏನೆನ್ನೋಣ?

ಒಂದು ಬೆಳಿಗ್ಗೆ ಹೊಲಿಗೆ ಕಾರ್ಖಾನೆಯ ಹೆಂಗಸೊಬ್ಬಳು ತನ್ನ ದೂರಿನ ಪ್ರತಿ ಹಿಡಿದು ಬಂದಳು. “ಅಕ್ಕಾ, ಇದನ್ನ ಓದಿ.”

ಅಕ್ಕ ಓದಿದಳು: ರಜೆ ಕೇಳಿದೆ. ಸೂಪರ್‌ವೈಸರ್ ಸಿಟ್ಟಾದರು. ನಾಳೆ ಗೇಟಿಗೆ ಬಾ, ಕಾಲು ಮುರೀತೀನಿ.

“ಕಾಲು ಮುರೀತೀನಿ ಅಂದಿದ್ದು ಅವನು. ಇಲ್ಲಿ ನೋಡಿದ್ರೆ ನಾನೇ ಅಂದಂಗಿದೆ! ಅವರ ವಕೀಲ ಇದನ್ನೇ ಹಿಡ್ಕೊಂಡಿದಾನೆ. ನಾಡಿದ್ದು ವಿಚಾರಣೆ. ನನ್ನ ಕೆಲಸ ಹೋದ್ರೆ ನೀವು ಕೊಡ್ತೀರಾ?”

ಅಕ್ಕ ಪ್ರತಿ ಹಿಡಿದು ಎದ್ದಳು. ಸಾಹೇಬರ ಬಳಿ ಹೋದರೆ, “ಸೂಪರ್‌ವೈಸರ್ ಬೈದ ಅಂತ ಒಂದು ಸಾಲು ಹಾಕಿ, ಮುಗೀತು” ಎಂದರು.

“ಕಾಲು ಮುರಿಯೋದು ಬೈಗುಳಾನಾ ಸಾರ್?”

ಪ್ರೋಗ್ರಾಮು ಹಾಕಿಕೊಟ್ಟವನು ಬಿಟ್ಟುಹೋದ ಪುಸ್ತಕವೊಂದು ಬೀರುವಿನಲ್ಲಿತ್ತು. ಊಟದ ಡಬ್ಬಿಯನ್ನು ಪಕ್ಕಕ್ಕೆ ತಳ್ಳಿ ಅಕ್ಕ ಅದನ್ನು ಬಿಡಿಸಿದಳು. ಅದರಲ್ಲಿ ಸಿಕ್ಕಿದ್ದು ಎಡಕ್ಕೆ ವಾಲಿದ ಒಂದು ಗೆರೆ, \ ಹೀಗೆ. ತನ್ನ ಮುಂದಿನ ಚಿಹ್ನೆ ಬರಹದ ಕೊನೆಯಲ್ಲ, ಬರಹದ್ದೇ ಭಾಗ ಎಂದು ಅದು ಯಂತ್ರಕ್ಕೆ ಹೇಳುತ್ತದೆ; ತಾನು ಮಾತ್ರ ಕಾಗದದ ಮೇಲೆ ಮೂಡುವುದಿಲ್ಲ. ಮೊದಲ ಸಲ ಮಾತಿನ ಆರಂಭಕ್ಕಷ್ಟೇ ಗೆರೆ ಹಾಕಿದಳು. ಕೊನೆಯ ಚಿಹ್ನೆಗೆ ಬಂದು ಯಂತ್ರ ಮತ್ತೆ ಮುಗ್ಗರಿಸಿತು. ಎರಡಕ್ಕೂ ಹಾಕಿದಳು:

\"ನಾಳೆ ಗೇಟಿಗೆ ಬಾ, ಕಾಲು ಮುರೀತೀನಿ.\"

ಹಾಳೆ ಹೊರಬಂತು. ಗೆರೆಗಳಿರಲಿಲ್ಲ, ಚಿಹ್ನೆಗಳಿದ್ದವು. ಬೆದರಿಕೆ ತನ್ನ ಒಡೆಯನ ಬಾಯಿಗೆ ಮರಳಿತ್ತು.

ಸಾಹೇಬರು ಕೆಂಡವಾದರು. “ಯಾರನ್ನ ಕೇಳಿ ಮಾಡಿದ್ರಿ? ಹಳೇ ಪ್ರತಿ ತಪ್ಪು ಅಂತ ನಾವೇ ಒಪ್ಕೊಂಡ ಹಾಗಾಗುತ್ತೆ!”

“ತಪ್ಪೇ ಸಾರ್. ಟೈಪ್ ಮಾಡ್ದೋಳು ನಾನು ಅಂತ ಕೆಳಗೆ ಬರ್ದಿದೀನಿ. ಸೈನ್ ಹಾಕಿ. ಹಾಕಲ್ಲ ಅಂದ್ರೆ ಯಾಕೆ ಅಂತ ಹೇಳಿ, ನಿಮ್ಮ ಮಾತನ್ನೂ ಕೋಟ್ಸ್ ಒಳಗೇ ಟೈಪ್ ಮಾಡ್ತೀನಿ.”

ಸಾಹೇಬರು ಪೆನ್ನಿಗಾಗಿ ಜೇಬು ತಡಕಿದರು. ಹೆಂಗಸು ಹಾಳೆಯನ್ನು ಸೆರಗಿನಡಿ ಹಿಡಿದು ಹೊರಟಳು. ಅಕ್ಕ ಕುರ್ಚಿಯೇರಿ, ಅಟ್ಟದಿಂದ ಹನ್ನೊಂದು ವರ್ಷದ ದೂರುಗಳ ಮೊದಲ ಕಟ್ಟನ್ನು ಕೆಳಗೆಳೆದಳು.