ಹೇಳದೆ ಬಿಟ್ಟ ಮೂರು ಮಾತು

ಬೆಂಗಳೂರಿನ ದಾಸರಹಳ್ಳಿಯಲ್ಲಿ ಮೊದಲ ಬೆಳಿಗ್ಗೆ ನೆಲ ನಡುಗಿತು. ಚಾಪೆಯ ಮೇಲೆ ಮಲಗಿದ್ದ ನನ್ನ ಬೆನ್ನಿಗೆ ಯಾರೋ ಕೆಳಗಿನಿಂದ ಧಡ್ ಧಡ್ ಎಂದು ಗುದ್ದಿದ ಹಾಗಾಯಿತು. ಕಿಟಕಿಯ ಕಟ್ಟೆಯ ಮೇಲಿದ್ದ ಸ್ಟೀಲ್ ಲೋಟ ತಾನಾಗಿಯೇ ಸರಿದು ಅಂಚಿಗೆ ಬಂತು. ಭೂಕಂಪವೆಂದೇ ತಿಳಿದು, ಜರ್ಮನ್ ನಿಘಂಟನ್ನು ಎದೆಗವಚಿಕೊಂಡು ಹೊರಗೆ ಓಡಿದೆ. ಅದನ್ನೇ ಯಾಕೆ ಎತ್ತಿಕೊಂಡೆನೋ ಇವತ್ತಿಗೂ ಗೊತ್ತಿಲ್ಲ. ಮೆಟ್ಟಿಲ ಬಳಿ ರಂಗೋಲಿ ಹಾಕುತ್ತಿದ್ದ ಓನರ್ ಆಂಟಿ ನನ್ನನ್ನು ನೋಡಿ ನಕ್ಕುಬಿಟ್ಟರು.

"ಏನಿಲ್ಲ ಕಣಮ್ಮ, ಕೆಳಗಡೆ ಪ್ರೆಸ್ ಶುರು ಮಾಡವ್ರೆ. ಒಂದ್ವಾರ ಹೋಗ್ಲಿ, ಅದರ ಸದ್ದಿಲ್ದೆ ಇದ್ರೆ ನಿಂಗೆ ನಿದ್ದೆನೇ ಬರಲ್ಲ ನೋಡು."

ನೆಲಮಹಡಿಯಲ್ಲಿ ತಗಡು ಒತ್ತುವ ಸಣ್ಣ ಕಾರ್ಖಾನೆ, ಅದರ ಮೇಲೆ ಓನರ್ ಮನೆ, ಅದರ ಮೇಲೆ ಸಿಮೆಂಟ್ ಶೀಟಿನ ನಾಲ್ಕು ರೂಮು. ಕುಷ್ಟಗಿಯಲ್ಲಿ ಹೊಸಬರು ಬಂದರೆ ಯಾರ ಪೈಕಿ ಎಂದು ಕೇಳುತ್ತೇವೆ. ಇಲ್ಲಿ ಯಾವ ಕಂಪನಿ ಎಂದು ಕೇಳುತ್ತಾರೆ. ಕಂಪನಿಯಿಲ್ಲ, ಯುರೋಪಿನ ಭಾಷೆ ಮತ್ತು ಸಂಸ್ಕೃತಿಯಲ್ಲಿ ಎಂ.ಎ. ಓದಲು ಬಂದಿದ್ದೇನೆ ಎಂದರೆ ಪಕ್ಕದ ರೂಮಿನವರಿಗೆ ನನ್ನ ಮೇಲೆ ಕನಿಕರ ಹುಟ್ಟುತ್ತಿತ್ತು. ಒಬ್ಬಂಟಿ ಹುಡುಗಿಗೆ ರೂಮು ಕೊಡಲು ಓನರ್ ಆಂಟಿಗೆ ಮನಸ್ಸಿರಲಿಲ್ಲ. ಕೊಡಿಸಿದವರು ಯಲ್ಲಪ್ಪ ಕಾಕಾ. ಅವ್ವನ ಪರಿಚಯದವರು, ನಮ್ಮ ಪಕ್ಕದ ಊರಿನವರು, ಅದೇ ಮಹಡಿಯ ಕೊನೆಯ ರೂಮಿನಲ್ಲಿದ್ದವರು, ಹನ್ನೊಂದು ವರ್ಷದಿಂದ ಪೀಣ್ಯದ ಕಾರ್ಖಾನೆಯೊಂದರಲ್ಲಿ ಪ್ರೆಸ್ ನಡೆಸುವ ಕೆಲಸ. "ನಮ್ಮ ಅಣ್ಣನ ಮಗಳ್ರೀ ಆಂಟಿ, ಜವಾಬ್ದಾರಿ ನಂದು" ಎಂದು ಹಸಿ ಸುಳ್ಳು ಹೇಳಿ ನನ್ನ ಟ್ರಂಕನ್ನು ತಾವೇ ಹೊತ್ತು ಮಹಡಿ ಹತ್ತಿದರು. ಅವರ ಹೆಂಡತಿ ನೀಲವ್ವ ಚಿಗವ್ವ ಅವತ್ತೇ ಜೋಳದ ರೊಟ್ಟಿ, ಪುಂಡಿ ಪಲ್ಯ ತಂದುಕೊಟ್ಟಳು. ಇಲ್ಲಿಯ ಹೋಟೆಲಿನ ಸಾಂಬಾರಿಗೆ ಬೆಲ್ಲ ಹಾಕುತ್ತಾರೆಂದು ನಾನು ಅಳುಮೋರೆ ಮಾಡಿದರೆ, "ನಾವೂ ಹಿಂಗ ಅತ್ತೀವಿ, ಆಮೇಲೆ ರೂಢಿ ಆಕ್ಕೈತಿ" ಎನ್ನುತ್ತಿದ್ದಳು.

ರೂಢಿ ಆಗಲಿಲ್ಲವೆಂದಲ್ಲ, ಬೇಡದ್ದೇ ಮೊದಲು ರೂಢಿಯಾಯಿತು. ತರಗತಿಯಲ್ಲಿ ನಾವು ಒಂಬತ್ತು ಜನ. ಬ್ರೂಕ್‌ಫೀಲ್ಡ್ ಕಡೆಯಿಂದ ಬರುವ ಇಬ್ಬರು ಹುಡುಗಿಯರು ಅಪ್ಪ ಅಮ್ಮನ ಜೊತೆ ಬರ್ಲಿನ್ ನೋಡಿ ಬಂದವರು. ನಾನು ನೋಡಿದ ದೊಡ್ಡ ಊರೆಂದರೆ ಧಾರವಾಡ, ಅಲ್ಲಿ ಬಿ.ಎ. ಓದುವಾಗ ಸಂಜೆ ತರಗತಿಯಲ್ಲಿ ಜರ್ಮನ್ ಕಲಿತದ್ದು. ಮೊದಲ ವಾರ ಪಾಠದ ಮೇಡಂ ನಿಮ್ಮ ಮನೆಯನ್ನು ಜರ್ಮನ್‌ನಲ್ಲಿ ವರ್ಣಿಸಿ ಎಂದರು. ನಾನು ಬಾಲ್ಕನಿ, ಗುಲಾಬಿ ಕುಂಡ, ಅಪ್ಪನ ಪುಸ್ತಕದ ಕಪಾಟು ಎಲ್ಲ ಕಟ್ಟಿ ನಿಲ್ಲಿಸಿದೆ. ಒಂದೂ ತಪ್ಪಿಲ್ಲ ಎಂದು ಮೇಡಂ ಹೊಗಳಿದರು. ನಿಜ ಹೇಳಲು ಪದ ಗೊತ್ತಿರಲಿಲ್ಲವೆಂದಲ್ಲ. ಶೀಟಿಗೆ, ಬಕೆಟಿಗೆ, ನಾಲ್ಕು ಮನೆಗೊಂದೇ ಇರುವ ಬಚ್ಚಲಿಗೆ ಪದಗಳನ್ನು ನಿಘಂಟಿನಲ್ಲಿ ಹುಡುಕಿ ಇಟ್ಟುಕೊಂಡೇ ಹೋಗಿದ್ದೆ. ಎಲ್ಲಿರೋದು ಎಂದು ಗೆಳತಿಯರು ಕೇಳಿದಾಗ ಯಶವಂತಪುರದ ಹತ್ತಿರ ಎಂದೆ. ನಮ್ಮ ಕಡೆಯ ಮಾತನ್ನೂ ಆರು ತಿಂಗಳಲ್ಲಿ ಉಜ್ಜಿ ತೊಳೆದು ಬೆಂಗಳೂರಿನದು ಮಾಡಿಕೊಂಡೆ. ಅವ್ವನಿಗೆ ಫೋನಿನಲ್ಲಿ ಒಮ್ಮೆ ಬಾಯಿತಪ್ಪಿ "ಮಾಡ್ತೀನಮ್ಮ" ಎಂದುಬಿಟ್ಟೆ. ಆಕೆ "ಯಾರು ಮಾತಾಡೂದು?" ಎಂದು ಕೇಳಿದಳು.

ಸಣ್ಣಪುಟ್ಟ ಗೆಲುವುಗಳೂ ಇದ್ದವು. ಎರಡನೇ ವರ್ಷ ದುಭಾಷಿ ಕೆಲಸದ ಮೇಲೆ ಒಂದು ಪರೀಕ್ಷಾ ಪತ್ರಿಕೆ ಇತ್ತು. ಒಬ್ಬರು ಹೇಳಿದ್ದನ್ನು ಇನ್ನೊಬ್ಬರಿಗೆ ಮುಟ್ಟಿಸುವಾಗ ಏನನ್ನೂ ಸೇರಿಸಬಾರದು, ಏನನ್ನೂ ಬಿಡಬಾರದು, ಯಾರ ಪಕ್ಷವನ್ನೂ ವಹಿಸಬಾರದು ಎಂದು ಅದರಲ್ಲಿ ಹತ್ತು ಪುಟ ಬರೆದೆ. ತರಗತಿಗೆ ನಾನೇ ಮೊದಲು. ನಗಬೇಡಿ.

ಆ ಅಂಕ ನೋಡಿಯೇ ಮೇಡಂ ನನ್ನನ್ನು ಪೀಣ್ಯಕ್ಕೆ ಕಳಿಸಿದ್ದು. ಕಾರ್ಖಾನೆಯೊಂದರಲ್ಲಿ ಜರ್ಮನಿಯಿಂದ ತರಿಸಿದ ದೊಡ್ಡ ಪ್ರೆಸ್ ಕೆಟ್ಟಿತ್ತು. ಅಲ್ಲಿಂದ ತಂತ್ರಜ್ಞನೊಬ್ಬ ಮೂರು ದಿನಕ್ಕೆ ಬರುತ್ತಾನೆ, ಆತನಿಗೆ ಇಂಗ್ಲಿಷ್ ಅಷ್ಟಕ್ಕಷ್ಟೆ, ದುಭಾಷಿ ಬೇಕು. ಕೆಲಸ ಚೆನ್ನಾಗಿ ಮಾಡಿದರೆ ಕಾರ್ಖಾನೆಯವರು ಪ್ರಮಾಣಪತ್ರ ಕೊಡುತ್ತಾರೆ, ಅದಿದ್ದರೆ ಜರ್ಮನಿಯಲ್ಲಿ ಆರು ತಿಂಗಳು ಓದುವ ಸೀಟಿಗೆ ಅರ್ಜಿ ಹಾಕಬಹುದು ಎಂದರು. ಕಾರ್ಖಾನೆಯ ಹೆಸರು ಕೇಳಿದ ಕೂಡಲೇ ನನಗೆ ಗೊತ್ತಾಯಿತು. ದಿನಾ ಬೆಳಿಗ್ಗೆ ನಮ್ಮ ಮಹಡಿಯ ತಂತಿಯ ಮೇಲೆ ಒಣಗುವ ಕಾಕಾನ ಅಂಗಿಯ ಜೇಬಿನ ಮೇಲೆ ಅದೇ ಹೆಸರಿತ್ತು. ನನಗೆ ಮೊದಲು ಹೊಳೆದದ್ದು ಇಷ್ಟೇ: ಎಲ್ಲರೆದುರು ನನ್ನನ್ನು ಯವ್ವಾ ಎಂದು ಕರೆಯದಿದ್ದರೆ ಸಾಕು.

ಕಾಕಾ ಕರೆಯಲಿಲ್ಲ. ದೂರದಿಂದ ನೋಡಿ ಮುಖ ಅರಳಿಸಿದರು. ನಾನು ಕಣ್ಣು ತಪ್ಪಿಸಿದಾಗ, ಡ್ಯೂಟಿಯ ಮೇಲಿದ್ದಾಳೆ ಎಂದುಕೊಂಡರೋ ಏನೋ, ತಾವೂ ಗಂಭೀರವಾಗಿ ನಿಂತರು. ಅವರು ನಡೆಸುತ್ತಿದ್ದದ್ದೇ ಆ ಕೆಟ್ಟ ಪ್ರೆಸ್.

ತಂತ್ರಜ್ಞ ಐವತ್ತು ದಾಟಿದ, ಮಾತು ಕಡಿಮೆಯ ಮನುಷ್ಯ. ಸಂಜೆ ಐದಕ್ಕೆ ಸರಿಯಾಗಿ ಉಪಕರಣದ ಪೆಟ್ಟಿಗೆ ಮುಚ್ಚಿ "ಫೈಯರ್‌ಆಬೆಂಡ್" ಎನ್ನುತ್ತಿದ್ದ. ಕೆಲಸ ಮುಗಿದ ಮೇಲೆ ಮನುಷ್ಯನ ಸ್ವಂತಕ್ಕೆ ಸಿಗುವ ಸಂಜೆ ಎಂದು ಅದರರ್ಥ. ನಾನು ಅದನ್ನು ವಿವರಿಸಿದಾಗ ಸುತ್ತ ನಿಂತವರೆಲ್ಲ ನಕ್ಕರು. ಅವರಿಗೆ ಐದರ ನಂತರ ಓವರ್‌ಟೈಮ್ ಶುರು.

ಎರಡನೇ ದಿನ ಆತ ಯಂತ್ರದ ಹಿಂದೆ ಬಗ್ಗಿ ಒಂದು ವೈರನ್ನು ಎತ್ತಿ ತೋರಿಸಿದ. ಒತ್ತಿದ ತಗಡು ಪೂರ್ತಿ ಹೊರಗೆ ಬೀಳದಿದ್ದರೆ ಯಂತ್ರವನ್ನು ತಾನೇ ನಿಲ್ಲಿಸುವ ಸೆನ್ಸಾರಿನ ವೈರ್ ಅದು. ಯಾರೋ ಬಿಚ್ಚಿದ್ದರು. ಹಾಗಾಗಿ ಒಂದರ ಮೇಲೊಂದು ತಗಡು ಬಿದ್ದು ಅಚ್ಚು ಒಡೆದಿತ್ತು. ಯಾರು ಬಿಚ್ಚಿದ್ದು, ಯಾಕೆ ಎಂದು ಕೇಳಿದ. ನಾನು ಕನ್ನಡದಲ್ಲಿ ಕೇಳುವ ಮೊದಲೇ ಮ್ಯಾನೇಜರ್ ನನ್ನ ಪಕ್ಕಕ್ಕೆ ಸರಿದರು.

"ಮೇಡಂ, ಆಪರೇಟರ್ ಮಿಸ್ಟೇಕ್ ಅಂತ ಹೇಳ್ಬಿಡಿ ಸಾಕು. ನಾವೇ ತೆಗೆಸಿದ್ದು ಅಂತಾದ್ರೆ ಗ್ಯಾರಂಟಿ ಹೋಗುತ್ತೆ. ಡೀಟೇಲ್ಸ್‌ಗೆಲ್ಲ ಹೋಗ್ಬೇಡಿ. ನಿಮ್ ಸರ್ಟಿಫಿಕೇಟ್ ನಾಳೆನೇ ರೆಡಿ ಮಾಡಿಸ್ತೀನಿ."

ತಂತ್ರಜ್ಞ ಕಾಕಾನ ಕಡೆಗೆ ಬೆರಳು ತೋರಿಸಿ, ಈತನನ್ನೇ ಕೇಳಿ ಎಂದ. ಯಂತ್ರಗಳ ಸದ್ದಿನ ನಡುವೆ ಕಾಕಾ ನನ್ನ ಕಿವಿಯ ಹತ್ತಿರ ಬಂದರು. ಅವರ ಮುಖದಲ್ಲಿ ಹೆದರಿಕೆ ಇರಲಿಲ್ಲ. ತಮ್ಮ ಮಾತು ತಿಳಿಯುವವಳು ಒಬ್ಬಳಿದ್ದಾಳೆ ಎಂಬ ಧೈರ್ಯ ಇತ್ತು.

"ಎರಡ ಸಲ ಹೇಳೀನಿ, ವೈರ್ ಬಿಚ್ಚಬ್ಯಾಡ್ರಿ ಅಂತ. ಘಳಿಗಿ ಘಳಿಗಿಗೆ ಮಶಿನ್ ನಿಲ್ಲತೈತಿ ಅಂತ ಸೂಪರ್‌ವೈಜರ್ ಬಿಚ್ಚಿಸಿದ. ನಡಸು, ಇಲ್ಲಾಂದ್ರ ಮನಿಗೆ ನಡಿ ಅಂದ. ಇಷ್ಟು ಅವರಿಗೆ ಹೇಳವಾ."

"ಸರಿ, ಹೇಳ್ತೀನಿ" ಎಂದೆ, ಬೆಂಗಳೂರಿನ ಕನ್ನಡದಲ್ಲಿ.

ತಂತ್ರಜ್ಞನ ಕಡೆ ತಿರುಗಿದೆ. ಈ ಯಂತ್ರದ ವಿಷಯ ಕೆಲಸಗಾರನಿಗೆ ಸರಿಯಾಗಿ ಗೊತ್ತಿರಲಿಲ್ಲ, ಕೈತಪ್ಪಿ ಆಗಿದೆ, ಕ್ಷಮೆ ಕೇಳುತ್ತಿದ್ದಾನೆ ಎಂದು ಚೊಕ್ಕ ಜರ್ಮನ್‌ನಲ್ಲಿ ಹೇಳಿದೆ. ಆತ ಕಾಕಾನನ್ನು ಒಂದು ಕ್ಷಣ ನೋಡಿದ. ಕಾಕಾ ಹೌದು ಹೌದು ಎಂದು ತಲೆಯಾಡಿಸಿದರು. ಆತ ಬರೆದುಕೊಂಡ. ನನ್ನ ಮಾತು ಒಂದು ಕಡೆಯೂ ತೊದಲಲಿಲ್ಲ. ಇದನ್ನು ಬರೆಯುವಾಗ ನನ್ನ ಮುಖಕ್ಕೆ ನಾನೇ ಉಗಿದುಕೊಳ್ಳಬೇಕು ಅನ್ನಿಸುತ್ತದೆ.

ಮುಂದಿನ ವಾರ, ಕಾಕಾನನ್ನು ಕೆಲಸಕ್ಕಿಟ್ಟಿದ್ದ ಕಾಂಟ್ರಾಕ್ಟರ್ ಅವರಿಗೆ ಫೋನ್ ಮಾಡಿ ನಾಳೆಯಿಂದ ಬರಬೇಡ ಎಂದ. ಹನ್ನೆರಡು ವರ್ಷದ ಕೆಲಸ ಒಂದು ಫೋನಿನಲ್ಲಿ ಮುಗಿಯಿತು. ಅದಕ್ಕಿಂತ ಕಷ್ಟವಾದದ್ದು ಕಾಕಾ ಮಹಡಿಯ ಮೇಲೆ ಎಲ್ಲರಿಗೂ ಹೇಳುತ್ತಿದ್ದ ಮಾತು. "ನಮ್ಮ ಹುಡುಗಿ ಎಲ್ಲಾ ಬಿಡಿಸಿ ಹೇಳಿದಳು. ಆ ಬಿಳಿ ಸಾಹೇಬಗ ಕರುಳ ಇಲ್ಲ, ಕೇಳಲೇ ಇಲ್ಲ." ಚಿಗವ್ವ ನನ್ನ ತಲೆ ಸವರಿ, "ನೀ ಯಾಕ ಅಳತಿ, ನಿಂದೇನು ತಪ್ಪು" ಎಂದಳು. ಆ ಜರ್ಮನ್ ಮನುಷ್ಯನ ಕಾರ್ಡು ನನ್ನ ಬ್ಯಾಗಿನಲ್ಲೇ ಇತ್ತು. ಒಂದು ಪತ್ರ ಬರೆಯಬಹುದಿತ್ತು. ಬರೆಯಲಿಲ್ಲ. ಪ್ರಮಾಣಪತ್ರ ಲಗತ್ತಿಸಿ ಅರ್ಜಿ ಹಾಕಿದೆ. ಕಾಕಾ, ಚಿಗವ್ವ ರೂಮು ಖಾಲಿ ಮಾಡಿ ಹೋದ ದಿನ ಪರೀಕ್ಷೆಯಿದೆ ಎಂದು ಗ್ರಂಥಾಲಯದಲ್ಲಿ ಕೂತೆ. ಪರೀಕ್ಷೆ ಇರಲಿಲ್ಲ.

ಸೀಟು ಸಿಕ್ಕಿದೆ. ಮುಂದಿನ ತಿಂಗಳು ಹೊರಡಬೇಕು. ಊರಲ್ಲಿ ಅವ್ವ ಪೇಡಾ ಹಂಚಿದ್ದಾಳಂತೆ. ಬ್ರೂಕ್‌ಫೀಲ್ಡಿನ ಗೆಳತಿಯರು ಈಗ ನನ್ನನ್ನು ತಮ್ಮವಳೆಂದೇ ಎಣಿಸುತ್ತಾರೆ. ಎಲ್ಲೆಡೆ ಸಲ್ಲುವವಳಾಗಿದ್ದೇನೆ ಎಂದು ಖುಷಿಪಡಬೇಕಾದ ಹೊತ್ತಿನಲ್ಲಿ, ಯಾರೆದುರು ಕೂತರೂ ಕದ್ದು ಒಳಗೆ ಬಂದವಳ ಹಾಗೆ ಅನ್ನಿಸುತ್ತದೆ. ನಿಜ ಹೇಳದೆ ಹೋಗಲಾರೆ ಎಂದು ಹೋದ ಭಾನುವಾರ ಮೆಟ್ರೋ ಬದಲಿಸಿ, ಆಮೇಲೆ ಆಟೋ ಹಿಡಿದು, ಎಲೆಕ್ಟ್ರಾನಿಕ್ ಸಿಟಿಯ ಆಚೆ ಕಾಕಾ ಈಗಿರುವ ರೂಮು ಹುಡುಕಿಕೊಂಡು ಹೋದೆ. ಕಾಕಾ ಅಲ್ಲಿನ ಅಪಾರ್ಟ್‌ಮೆಂಟೊಂದರಲ್ಲಿ ಸೆಕ್ಯುರಿಟಿ. ಮಧ್ಯಾಹ್ನದ ಪಾಳಿಗೆ ಸಿದ್ಧರಾಗುತ್ತಿದ್ದರು. ಕೂತು ಎಲ್ಲ ಹೇಳಿದೆ. ರೊಟ್ಟಿ ಬಡಿಯುತ್ತಿದ್ದ ಚಿಗವ್ವನ ಕೈ ನಿಂತಿತು.

"ಮತ್ತ ಅವತ್ತ ಅವನ ಕೂಡ ಅಷ್ಟೊತ್ತು ಏನ ಮಾತಾಡಿದಿ?" ಎಂದರು ಕಾಕಾ.

"ನಿಮಗ ಮಶಿನ್ ಗೊತ್ತಿಲ್ಲ ಅಂದೆ."

ಅವರು ಅಂಗಿಯ ಉಳಿದ ಗುಂಡಿಗಳನ್ನು ಒಂದೊಂದಾಗಿ ಹಾಕಿಕೊಂಡರು. ಬೈಯುತ್ತಾರೆ ಎಂದು ಕಾದೆ. ಬೈದರೆ ಸಾಕೆಂದು ಕಾದೆ.

"ಈಗ ಹೇಳು" ಎಂದರು.

"ಯಾರಿಗೆ ಕಾಕಾ?"

"ನನಗ. ಅವತ್ತ ನಾ ಹೇಳಿದ್ದನ್ನ ಆ ಭಾಷಾದಾಗ ಹೇಳು. ಹೆಂಗ ಕೇಳತೈತಿ ನೋಡೂನು."

ಹೇಳಿದೆ. ವೈರ್ ಬಿಚ್ಚಬೇಡಿ ಎಂದು ಎರಡು ಸಲ ಹೇಳಿದ್ದೇನೆ. ಸೂಪರ್‌ವೈಸರ್ ಬಿಚ್ಚಿಸಿದರು. ನಡೆಸು, ಇಲ್ಲವೆ ಮನೆಗೆ ಹೋಗು ಎಂದರು. ಜರ್ಮನ್‌ನಲ್ಲಿ ಮೂರು ಸಣ್ಣ ವಾಕ್ಯ. ಒಂದು ಲೋಟ ನೀರು ಕುಡಿಯುವಷ್ಟು ಹೊತ್ತೂ ಹಿಡಿಯಲಿಲ್ಲ.

"ಇಷ್ಟೇನ?"

"ಇಷ್ಟ, ಕಾಕಾ."

ಅವರು ಎದ್ದು ಟೋಪಿ ಹಾಕಿಕೊಂಡರು. ಬಾಗಿಲ ಹತ್ತಿರ ನಿಂತು, ನನ್ನ ಕಡೆ ನೋಡದೆ, ಚಿಗವ್ವನಿಗೆ ಹೇಳಿದರು.

"ಅವರಿಗೆ ಊಟಕ್ಕ ಬಡಸು. ದೂರದಿಂದ ಬಂದಾರ."

ಅವರ ಮನೆಯಲ್ಲಿ ಇಷ್ಟು ದಿನ ರೊಟ್ಟಿಯ ಬುಟ್ಟಿಗೆ ನಾನೇ ಕೈ ಹಾಕಿ ತೆಗೆದುಕೊಂಡು ಉಂಡವಳು. ಅವತ್ತು ಚಿಗವ್ವ ಕೈ ತೊಳೆದುಕೊಂಡು ಬಂದು, ಚಾಪೆ ಹಾಸಿ, ಹೊಸ ತಾಟು ತೆಗೆದು, ನೆಂಟರಿಗೆ ಬಡಿಸುವ ಹಾಗೆ ನನಗೆ ಬಡಿಸಿದಳು.