ತೆಂಕು ಗೋಡೆಗೆ ಮೆತ್ತಿಸಿದ ಸಿಮೆಂಟು

ಮಡಿಕೇರಿಯ ಹಳೆಯ ಕಾಫಿ ಗೋದಾಮೊಂದರಲ್ಲಿ ನಾನು ಲೆಕ್ಕ ಬರೆಯುವ ರೈಟರ್ ಆಗಿದ್ದೆ. ಬ್ರಿಟಿಷರ ಕಾಲದ ಕಟ್ಟಡ. ಗೋಡೆ ಒಂದೂವರೆ ಮೊಳ ದಪ್ಪ. ಎರಡೂ ಬದಿ ಕಲ್ಲು, ನಡುವೆ ಮಣ್ಣು, ಮೇಲೆ ಸುಣ್ಣದ ಗಾರೆ. ಕಾಫಿಗೆ ತೇವ ತಾಗದಿರಲೆಂದು ಹಲಗೆಯ ನೆಲವನ್ನು ಎರಡಡಿ ಎತ್ತರಿಸಿ, ಅಡಿಯಲ್ಲಿ ಗಾಳಿಯಾಡಲು ಕಿಂಡಿ ಬಿಟ್ಟಿದ್ದರು. ಕಟ್ಟಿದವರಿಗೆ ಇಲ್ಲಿನ ಮಳೆ ಗೊತ್ತಿತ್ತು. ನನಗೆ ಗೊತ್ತಿರಲಿಲ್ಲ, ಆದರೆ ಎಲ್ಲ ಬಲ್ಲವನ ಗತ್ತಿತ್ತು.

ಗಾರೆ ಉದುರಿ ಕಾಫಿಗೆ ಬೀಳುತ್ತದೆಂದು ಬೇಸಿಗೆಯಲ್ಲಿ ತೆಂಕು ಗೋಡೆಗೆ ಸಿಮೆಂಟು ಮೆತ್ತಿಸಿದೆ. "ಮಣ್ಣಿನ ಗೋಡೆಗೆ ಸಿಮೆಂಟ್ ಬೇಡ ರೈಟ್ರೇ, ನೀರು ಒಳಗೇ ನಿಲ್ತದೆ" ಎಂದ ಮುದುಕ ಮೇಸ್ತ್ರಿಯನ್ನು ಗದರಿ ಬಾಯಿ ಮುಚ್ಚಿಸಿದ್ದೆ.

ಆಷಾಢ, ನಮ್ಮ ಕಡೆಯ ಕಕ್ಕಡದ ಮಳೆ ಹಿಡಿದು ಹತ್ತು ದಿನವಾಗಿತ್ತು. ಬೆಳಿಗ್ಗೆ ನೋಡುತ್ತೇನೆ, ಗೋಡೆ ಹೊಟ್ಟೆ ಬಿಟ್ಟಿದೆ. ಕಿವಿಯಿಟ್ಟರೆ ಒಳಗೆ ಮಣ್ಣು ಜಾರುವ ಸದ್ದು. ಅದಕ್ಕೇ ಬೆನ್ನು ಕೊಟ್ಟು ಏಳು ಹೆಂಗಸರು ಬೀಜ ಹೆಕ್ಕುತ್ತಿದ್ದರು. ಗೋಡೆ ಬೀಳುತ್ತದೆ ಎಂದು ಕೂಗಿದರೆ, ಸಿಮೆಂಟು ಮೆತ್ತಿಸಿದವರು ಯಾರು ಎಂಬ ಮಾತು ಬರುತ್ತದೆ. "ಹಾವು! ಹಾವು!" ಎಂದು ಕೂಗಿಬಿಟ್ಟೆ.

ಎಲ್ಲರೂ ಅಂಗಳಕ್ಕೆ ಓಡಿದರು. ಉಸಿರು ಬಿಡುವಷ್ಟರಲ್ಲಿ, ಅವರಲ್ಲೇ ಹಿರಿಯಳು ದೊಣ್ಣೆ ಹಿಡಿದು ಒಳಗೆ ನಡೆದಳು. ತೋಟದಲ್ಲಿ ಬೆಳೆದವಳು, ಕಂಡ ಹಾವನ್ನು ಹಾಗೇ ಬಿಡುವವಳಲ್ಲ. "ಹಲಗೆ ಅಡಿ ಸೇರಿದ್ರೆ ನಾಳೆ ಕೂತ್ಕೊಳ್ಳೋದು ನಾವೇ ಅಲ್ವಾ?" ಎಂದು ಆ ಗೋಡೆಯ ಬುಡಕ್ಕೇ ಕುಟ್ಟತೊಡಗಿದಳು. ಒಂದೊಂದು ಪೆಟ್ಟಿಗೂ ನನ್ನ ಜೀವ ಹಾರಿಹೋಗುತ್ತಿತ್ತು.

"ಹಾವಿಲ್ಲ! ಗೋಡೆ ಬೀಳ್ತದೆ, ಬನ್ನಿ!"

"ಒಂದ್ಸಲ ಹಾವು ಅಂತೀರಿ, ಒಂದ್ಸಲ ಗೋಡೆ ಅಂತೀರಿ. ತಲೆ ಸರಿ ಉಂಟಾ ನಿಮ್ಗೆ?" ಅವಳು ಬಗ್ಗಿದಲ್ಲಿಂದ ಏಳಲೇ ಇಲ್ಲ.

ನಾನೇ ಹೋಗಬೇಕಿತ್ತು. ಹೊಸ್ತಿಲಲ್ಲಿ ಕಾಲು ಕಚ್ಚಿಕೊಂಡಿತು. ಎಷ್ಟು ಹೊತ್ತು ನಿಂತೆನೋ, ಆ ಹೊತ್ತು ಇಂದಿಗೂ ನನ್ನನ್ನು ಹೆದರಿಸುತ್ತದೆ. ಆಮೇಲೆ ಕಣ್ಣು ಮುಚ್ಚಿ ಓಡಿ, ಅವಳ ರಟ್ಟೆ ಹಿಡಿದು ಎಳೆದು ತಂದೆ. ಅಂಗಳ ಮುಟ್ಟುವವರೆಗೂ ಬೈಯುತ್ತಲೇ ಇದ್ದಳು.

ಊಟದ ಹೊತ್ತಿಗೆ ಗೋಡೆ ಒಳಕ್ಕೆ ಕುಸಿಯಿತು, ಅವರು ಕೂರುತ್ತಿದ್ದ ಗೋಣಿಗಳ ಮೇಲೆಯೇ. ಬುತ್ತಿ ಬಿಚ್ಚಿದ್ದವರು ತುತ್ತು ಎತ್ತಲಿಲ್ಲ. ಆ ಹಿರಿಯಳು ಬುತ್ತಿ ಮುಚ್ಚಿಟ್ಟು ನನ್ನತ್ತ ತಿರುಗಿದಳು.

"ಗೋಡೆ ಅಂತ ಮೊದ್ಲೇ ಹೇಳ್ಬಹುದಿತ್ತಲ್ಲ ರೈಟ್ರೇ?"

"ಮೊದಲು ಕಂಡದ್ದು ಹಾವೇ" ಎಂದೆ.